ಕೊಲೆಸ್ಟರಾಲ್ ಆಕ್ಸಿಡೈಸ್ ಆದರೆ ಮಾತ್ರ ಅಪಾಯವಾ?

ಪ್ರಶ್ನೆ: ನನಗೆ 52 ವರ್ಷ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಶುಗರ್ ಇಲ್ಲ. ಈ ಸಲದ ರಿಪೋರ್ಟಿನಲ್ಲಿ ಎಲ್‌ಡಿಎಲ್ 162 ಬಂದಿದೆ, ಡಾಕ್ಟರ್ ಸ್ಟ್ಯಾಟಿನ್, ಅಂದರೆ ಕೊಲೆಸ್ಟರಾಲ್ ಇಳಿಸುವ ಮಾತ್ರೆ, ಶುರು ಮಾಡೋಣ ಅಂದರು. ಆದರೆ ನಾನು ಓದಿದ ಪ್ರಕಾರ ಕೊಲೆಸ್ಟರಾಲ್ ತಾನಾಗಿ ಏನೂ ಕೆಡುಕು ಮಾಡುವುದಿಲ್ಲ, ಆಕ್ಸಿಡೈಸ್ ಆದಾಗ, ಅಂದರೆ ಆಕ್ಸಿಜನ್ ತಾಗಿ ಕೆಟ್ಟಾಗ ಮಾತ್ರ ರಕ್ತನಾಳ ಹಾಳಾಗುತ್ತದೆ. ಹಾಗಿದ್ದರೆ ವಿಟಮಿನ್ ಇ, ವಿಟಮಿನ್ ಸಿ ತೆಗೆದುಕೊಂಡು ಅದು ಆಕ್ಸಿಡೈಸ್ ಆಗದಂತೆ ನೋಡಿಕೊಂಡರೆ ಸಾಲದೇ? ಆಕ್ಸಿಡೈಸ್ಡ್ ಎಲ್‌ಡಿಎಲ್‌ಗೆ ಬೇರೆ ಟೆಸ್ಟ್ ಇದೆಯಂತೆ, ಅದನ್ನು ಮಾಡಿಸಲೇ?

ಉತ್ತರ: ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಪೂರ್ತಿ ಸುಳ್ಳಾಗಿದ್ದರೆ ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆಕ್ಸಿಡೈಸ್ ಆದ ಎಲ್‌ಡಿಎಲ್ ರಕ್ತನಾಳವನ್ನು ಕೆಡಿಸುತ್ತದೆ ಅನ್ನುವುದಕ್ಕೆ ನಲವತ್ತು ವರ್ಷಗಳಿಗೂ ಮೀರಿದ ಸಂಶೋಧನೆಯ ಬಲ ಇದೆ. ಆದರೆ ಅಲ್ಲಿಂದ ನೆಗೆದು 'ಎಲ್‌ಡಿಎಲ್ ಎಷ್ಟಿದ್ದರೇನು, ವಿಟಮಿನ್ ಮಾತ್ರೆ ನುಂಗಿದರೆ ಆಯಿತು' ಅನ್ನುತ್ತಾರಲ್ಲ, ಅದು ತಪ್ಪು. ಇದು ನನ್ನ ಅಭಿಪ್ರಾಯ ಅಂತ ಹೇಳುತ್ತಿಲ್ಲ. ಸಾವಿರಾರು ಜನರಿಗೆ ವರ್ಷಗಟ್ಟಲೆ ಆ ಮಾತ್ರೆ ಕೊಟ್ಟು ನೋಡಿದ್ದಾರೆ, ಕೆಲಸ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಈ 'ಆಕ್ಸಿಡೈಸ್ ಆದ ಕೊಲೆಸ್ಟರಾಲ್' ಅನ್ನುವ ಮಾತನ್ನೇ ನೋಡೋಣ. ಕೊಲೆಸ್ಟರಾಲ್ ನೀರಿನಲ್ಲಿ ಕರಗುವುದಿಲ್ಲ, ರಕ್ತದಲ್ಲೂ ಕರಗುವುದಿಲ್ಲ. ಅದಕ್ಕೇ ದೇಹ ಅದನ್ನು ಸಣ್ಣ ಸಣ್ಣ ಗುಂಡುಗಳಲ್ಲಿ ತುಂಬಿ ಕಳಿಸುತ್ತದೆ. ಎಲ್‌ಡಿಎಲ್ ಅಂದರೆ ಅಂಥ ಒಂದು ಗುಂಡು. ಎಷ್ಟು ಸಣ್ಣದು ಅಂದರೆ ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ 40 ಸಾವಿರಕ್ಕೂ ಜಾಸ್ತಿ ಹಿಡಿಸುತ್ತವೆ. ಒಳಗೆ ಕೊಲೆಸ್ಟರಾಲ್ ಮತ್ತು ಬೇರೆ ಕೊಬ್ಬು, ಹೊರಗೆ ತೆಳುವಾದ ಕೊಬ್ಬಿನ ಹೊದಿಕೆ, ಅದರ ಸುತ್ತ ಬಿಗಿದ ಒಂದೇ ಒಂದು ದೊಡ್ಡ ಪ್ರೋಟೀನ್. ಅದರ ಹೆಸರು ಅಪೋಬಿ. ಒಂದು ಗುಂಡಿಗೆ ಒಂದೇ ಅಪೋಬಿ, ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಈ ಗುಂಡು ಕೆಡಲು ಶುರುವಾದಾಗ ಮೊದಲು ಕೆಡುವುದು ಕೊಲೆಸ್ಟರಾಲ್ ಅಲ್ಲ, ಅದರ ಜೊತೆಗಿರುವ ಕೊಬ್ಬಿನ ಆಮ್ಲಗಳು. ಬಹಳ ದಿನ ತೆರೆದಿಟ್ಟ ಎಣ್ಣೆ ಕಮಟು ವಾಸನೆ ಬರುತ್ತದಲ್ಲ, ಹೆಚ್ಚುಕಮ್ಮಿ ಅದೇ ರಸಾಯನಶಾಸ್ತ್ರ. ಒಂದು ಕೊಬ್ಬಿನ ಅಣು ಕೆಟ್ಟರೆ ಪಕ್ಕದ್ದನ್ನೂ ಕೆಡಿಸುತ್ತದೆ, ಅದು ಅದರ ಪಕ್ಕದ್ದನ್ನು. ತಡೆಯಲು ಗುಂಡಿನೊಳಗೇ ವಿಟಮಿನ್ ಇ ಇರುತ್ತದೆ, ಒಂದೊಂದರಲ್ಲಿ ಸುಮಾರು ಆರು ಅಣುಗಳಷ್ಟು. ಅವು ಖರ್ಚಾದ ಮೇಲೆ ಕೆಡುವ ವೇಗ ಏರುತ್ತದೆ. ಕೊಬ್ಬು ಮುರಿದು ಹುಟ್ಟಿದ ಚೂರುಗಳು ಹೋಗಿ ಅಪೋಬಿ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ಅದರ ಚಹರೆಯೇ ಬದಲಾಗುತ್ತದೆ. ಕೊಲೆಸ್ಟರಾಲ್ ಕೂಡ ಆಮೇಲೆ ಆಕ್ಸಿಡೈಸ್ ಆಗುತ್ತದೆ, 7-ಕೀಟೋಕೊಲೆಸ್ಟರಾಲ್ ಥರದ ವಸ್ತುಗಳು ತಯಾರಾಗುತ್ತವೆ, ಅವು ಜೀವಕೋಶಗಳಿಗೆ ವಿಷವೇ. ಆದರೂ ಕಥೆಯ ಮುಖ್ಯ ಪಾತ್ರ ಕೆಟ್ಟುಹೋದ ಇಡೀ ಗುಂಡಿನದು.

ಚಹರೆ ಬದಲಾದರೆ ಏನಾಯಿತು ಅಂತ ಕೇಳಬಹುದು. ಇಲ್ಲೊಂದು ಒಳ್ಳೆಯ ಒಗಟಿದೆ. 1970ರ ದಶಕದಲ್ಲಿ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ಇಬ್ಬರು ಜೀವಕೋಶಗಳ ಮೇಲೆ ಎಲ್‌ಡಿಎಲ್ ಒಳಗೆ ಸೇರುವ ಬಾಗಿಲನ್ನು, ಅಂದರೆ ಎಲ್‌ಡಿಎಲ್ ರಿಸೆಪ್ಟರನ್ನು ಕಂಡುಹಿಡಿದರು. ಅದಕ್ಕೇ 1985ರಲ್ಲಿ ನೊಬೆಲ್ ಬಂತು. ಅವರು ನೋಡಿದ್ದು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಪಡೆದ ಮಕ್ಕಳನ್ನು. ಆ ಮಕ್ಕಳ ಎಲ್‌ಡಿಎಲ್ ವಿಪರೀತ, ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗುತ್ತಿತ್ತು. ಅವರ ಜೀವಕೋಶಗಳಲ್ಲಿ ಈ ಬಾಗಿಲು ಇಲ್ಲ, ಇದ್ದರೂ ಕೆಲಸ ಮಾಡುವುದಿಲ್ಲ. ಹಾಗಿದ್ದೂ ಅವರ ರಕ್ತನಾಳದ ಗೋಡೆಯಲ್ಲಿನ ಮ್ಯಾಕ್ರೋಫೇಜ್‌ಗಳು, ಅಂದರೆ ಕಸ ನುಂಗುವ ಬಿಳಿ ರಕ್ತಕಣಗಳು, ಕೊಲೆಸ್ಟರಾಲ್ ತುಂಬಿಕೊಂಡು ಊದಿರುತ್ತಿದ್ದವು. ಬಾಗಿಲೇ ಇಲ್ಲದ ಮನೆಗೆ ಇಷ್ಟೊಂದು ಸರಕು ಹೇಗೆ ಬಂತು?

ಇದೇ ತಂಡ 1979ರಲ್ಲಿ ಒಂದು ಸುಳಿವು ಕೊಟ್ಟಿತು. ಎಲ್‌ಡಿಎಲ್ ಅನ್ನು ರಾಸಾಯನಿಕವಾಗಿ ಸ್ವಲ್ಪ ಬದಲಾಯಿಸಿ ಮ್ಯಾಕ್ರೋಫೇಜ್‌ಗಳಿಗೆ ಕೊಟ್ಟರೆ ಅವು ಬಕಬಕನೆ ನುಂಗುತ್ತವೆ, ಬೇರೊಂದು ಬಾಗಿಲಿನಿಂದ. ಅದನ್ನು ಸ್ಕ್ಯಾವೆಂಜರ್ ರಿಸೆಪ್ಟರ್ ಅಂತ ಕರೆದರು. ಕಸ ಎತ್ತುವ ಬಾಗಿಲು ಅಂದುಕೊಳ್ಳಿ. ಎರಡಕ್ಕೂ ದೊಡ್ಡ ವ್ಯತ್ಯಾಸ ಇದೆ. ಮಾಮೂಲಿ ಬಾಗಿಲು ಒಳಗೆ ಕೊಲೆಸ್ಟರಾಲ್ ಸಾಕಷ್ಟಾದ ಕೂಡಲೇ ಮುಚ್ಚಿಕೊಳ್ಳುತ್ತದೆ. ಕಸದ ಬಾಗಿಲಿಗೆ ಆ ಬುದ್ಧಿ ಇಲ್ಲ, ಹೊಟ್ಟೆ ಬಿರಿಯುವವರೆಗೂ ತೆರೆದೇ ಇರುತ್ತದೆ.

ಆದರೆ ಲ್ಯಾಬಿನಲ್ಲಿ ಮಾಡಿದ ಆ ಬದಲಾವಣೆ ದೇಹದಲ್ಲಿ ಆಗುವುದಕ್ಕೆ ಪುರಾವೆ ಇರಲಿಲ್ಲ. ಹಾಗಾದರೆ ದೇಹದಲ್ಲಿ ಎಲ್‌ಡಿಎಲ್‌ನ ಚಹರೆ ಬದಲಿಸುವುದು ಯಾವುದು? ಡೇನಿಯಲ್ ಸ್ಟೈನ್‌ಬರ್ಗ್ ಎಂಬ ಅಮೆರಿಕದ ಸಂಶೋಧಕ ಮತ್ತು ಅವರ ಜೊತೆಗಾರರು ಇದರ ಬೆನ್ನು ಹತ್ತಿದರು. ರಕ್ತನಾಳದ ಒಳಪದರದ ಕೋಶಗಳ ಜೊತೆ ಒಂದು ರಾತ್ರಿ ಇಟ್ಟ ಎಲ್‌ಡಿಎಲ್ ಬೆಳಗ್ಗೆ ಹೊತ್ತಿಗೆ ಮ್ಯಾಕ್ರೋಫೇಜ್‌ಗಳಿಗೆ ಕಸದ ಹಾಗೆ ಕಾಣುತ್ತದೆ ಅಂತ 1981ರಲ್ಲಿ ತೋರಿಸಿದರು. ಆ ಬದಲಾವಣೆ ಆಕ್ಸಿಡೇಶನ್ನೇ ಅಂತ 1984ರಲ್ಲಿ ಖಚಿತವಾಯಿತು. ಒಗಟು ಬಿಡಿಸಿದ ಖುಷಿ ಆ ಕಾಲದ ಲೇಖನಗಳಲ್ಲಿ ಎದ್ದು ಕಾಣುತ್ತದೆ, ಕಾಣಲೇಬೇಕು.

ಈಗ ಗೋಡೆಯೊಳಗೆ ಏನಾಗುತ್ತದೆ ಅಂತ ನೋಡೋಣ. ಜಾಗ ಮುಖ್ಯ. ಹರಿಯುವ ರಕ್ತದಲ್ಲಿ ಎಲ್‌ಡಿಎಲ್ ಸಾಮಾನ್ಯವಾಗಿ ಜಾಸ್ತಿ ಕೆಡುವುದಿಲ್ಲ. ರಕ್ತದಲ್ಲಿ ಆಕ್ಸಿಡೇಶನ್ ತಡೆಯುವ ವಸ್ತುಗಳು ಬೇಕಾದಷ್ಟಿವೆ. ಆದರೆ ಈ ಗುಂಡುಗಳು ಸಣ್ಣವು ಅಲ್ವಾ, ರಕ್ತನಾಳದ ಒಳಪದರವನ್ನು ದಾಟಿ ಗೋಡೆಯೊಳಗೆ ಹೋಗಿಬಂದು ಮಾಡುತ್ತಲೇ ಇರುತ್ತವೆ. ಗೋಡೆಯೊಳಗೆ ಸಕ್ಕರೆ ಸರಪಳಿಗಳನ್ನು ಹೊತ್ತ ಪ್ರೋಟಿಯೋಗ್ಲೈಕನ್ ಎಂಬ ಪ್ರೋಟೀನುಗಳಿವೆ. ಅಪೋಬಿ ಅವುಗಳಿಗೆ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಗುಂಡುಗಳು ಜಾಸ್ತಿ ಇದ್ದಷ್ಟೂ ಒಳಗೆ ಹೋಗುವುದು ಜಾಸ್ತಿ, ಸಿಕ್ಕಿಹಾಕಿಕೊಳ್ಳುವುದೂ ಜಾಸ್ತಿ. ರಕ್ತನಾಳ ಕವಲೊಡೆಯುವ, ರಕ್ತ ನೇರವಾಗಿ ಹರಿಯದೆ ಸುಳಿಯುವ ಜಾಗಗಳಲ್ಲಿ ಇದು ಇನ್ನೂ ಹೆಚ್ಚು. ಅದಕ್ಕೇ ಬ್ಲಾಕ್‌ಗಳು ಅಂಥ ಜಾಗಗಳಲ್ಲೇ ಶುರುವಾಗುವುದು.

ಸಿಕ್ಕಿಬಿದ್ದ ಗುಂಡಿಗೆ ರಕ್ತದ ರಕ್ಷಣೆ ಇಲ್ಲ. ಸುತ್ತಲಿನ ಕೋಶಗಳು ಬಿಡುವ ಚುರುಕಾದ ಆಕ್ಸಿಜನ್ ಅಣುಗಳು, ಲಿಪಾಕ್ಸಿಜನೇಸ್, ಮಯಲೋಪೆರಾಕ್ಸಿಡೇಸ್ ಥರದ ಕಿಣ್ವಗಳು ಅದನ್ನು ನಿಧಾನಕ್ಕೆ ಕೆಡಿಸುತ್ತವೆ. ಸ್ವಲ್ಪವೇ ಕೆಟ್ಟ ಎಲ್‌ಡಿಎಲ್ ಕೂಡ ಒಳಪದರದ ಕೋಶಗಳನ್ನು ಕೆರಳಿಸುತ್ತದೆ. ಅವು ಮೇಲ್ಮೈಯಲ್ಲಿ ಅಂಟುವ ಅಣುಗಳನ್ನು ಮೂಡಿಸಿ, ಹರಿದುಹೋಗುವ ಬಿಳಿ ರಕ್ತಕಣಗಳನ್ನು ಹಿಡಿದು ಒಳಗೆ ಕರೆಯುತ್ತವೆ. ಒಳಗೆ ಬಂದವು ಮ್ಯಾಕ್ರೋಫೇಜ್ ಆಗಿ ಬದಲಾಗಿ ಕೆಟ್ಟ ಎಲ್‌ಡಿಎಲ್ ನುಂಗತೊಡಗುತ್ತವೆ, ನುಂಗಿ ನುಂಗಿ ಒಳಗೆಲ್ಲ ಕೊಬ್ಬಿನ ಹನಿ ತುಂಬಿ ಸೂಕ್ಷ್ಮದರ್ಶಕದಲ್ಲಿ ಸೋಪಿನ ನೊರೆಯ ಹಾಗೆ ಕಾಣುತ್ತವೆ. ಅದಕ್ಕೇ ಇವಕ್ಕೆ ಫೋಮ್ ಸೆಲ್, ನೊರೆಕೋಶ ಅನ್ನುವ ಹೆಸರು. ಸ್ವಚ್ಛ ಮಾಡಲು ಬಂದವರೇ ಕಸವಾದರು. ಇಂಥ ಕೋಶಗಳು ಗುಂಪಾದಾಗ ರಕ್ತನಾಳದ ಒಳಗೆ ಹಳದಿ ಗೆರೆ ಮೂಡುತ್ತದೆ. ಇದು ಮುದುಕರ ಕಾಯಿಲೆ ಅಂದುಕೊಳ್ಳಬೇಡಿ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ಪರೀಕ್ಷಿಸಿದ ವರದಿ 1953ರಲ್ಲಿ ಬಂತು. ಸರಾಸರಿ ವಯಸ್ಸು 22. ಮುಕ್ಕಾಲು ಪಾಲು ಜನರ ಹೃದಯದ ರಕ್ತನಾಳಗಳಲ್ಲಿ ಆಗಲೇ ಕಾಯಿಲೆಯ ಗುರುತು ಇತ್ತು.

ಆಮೇಲಿನದು ವರ್ಷಗಳ ಕೆಲಸ. ನೊರೆಕೋಶಗಳು ಸಾಯುತ್ತವೆ, ಸತ್ತವನ್ನು ಎತ್ತಿಹಾಕುವ ಕೆಲಸ ಹಿಂದೆ ಬೀಳುತ್ತದೆ, ನಡುವೆ ಕೊಲೆಸ್ಟರಾಲ್ ಹರಳುಗಳಿರುವ ಒಂದು ಕೊಳೆತ ಗುಡ್ಡೆ ಉಳಿಯುತ್ತದೆ. ದೇಹ ಅದರ ಮೇಲೆ ನಾರಿನ ಮುಚ್ಚಳ ಹಾಕುತ್ತದೆ. ಮುಚ್ಚಳ ದಪ್ಪಗಿದ್ದರೆ ಎಷ್ಟೋ ಜನ ಏನೂ ಗೊತ್ತಾಗದೆ ಬದುಕುತ್ತಾರೆ. ಒಳಗಿನ ಉರಿಯೂತ ಆ ಮುಚ್ಚಳವನ್ನೇ ಸವೆಸಿ ತೆಳ್ಳಗೆ ಮಾಡಿದಾಗ ಅದು ಬಿರಿಯುತ್ತದೆ, ಒಳಗಿನ ಸರಕು ರಕ್ತಕ್ಕೆ ತಾಗುತ್ತದೆ, ಕ್ಷಣಗಳಲ್ಲಿ ಹೆಪ್ಪು ಕಟ್ಟತೊಡಗುತ್ತದೆ. ಬಹುಪಾಲು ಹಾರ್ಟ್ ಅಟ್ಯಾಕ್ ಅಂದರೆ ಇದೇ. ಆಕ್ಸಿಡೈಸ್ಡ್ ಎಲ್‌ಡಿಎಲ್ ಬರೀ ಶುರುವಿನಲ್ಲಿ ಅಲ್ಲ, ಈ ಹಂತದಲ್ಲೂ ಕೈಯಾಡಿಸುತ್ತದೆ. ರಕ್ತನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಕಡಿಮೆ ಮಾಡುತ್ತದೆ, ಕೋಶಗಳನ್ನು ಕೊಲ್ಲುತ್ತದೆ, ಉರಿಯೂತಕ್ಕೆ ತುಪ್ಪ ಸುರಿಯುತ್ತದೆ.

ಇಲ್ಲಿಯವರೆಗೆ ಎಲ್ಲ ನಿಮ್ಮ ಕಡೆಗೇ ಇದೆ ಅಲ್ವಾ? ಆಕ್ಸಿಡೇಶನ್ ತಡೆದರೆ ಕಥೆ ಮುಗಿಯಬೇಕು. ನಿಜ ಹೇಳಬೇಕೆಂದರೆ ಆಗ ತಜ್ಞರೂ ಹಾಗೇ ಅಂದುಕೊಂಡಿದ್ದರು. ಹುಟ್ಟಿನಿಂದಲೇ ಕೊಲೆಸ್ಟರಾಲ್ ಜಾಸ್ತಿ ಇರುವ ವಾತನಾಬೆ ಎಂಬ ತಳಿಯ ಮೊಲಗಳಿವೆ. ಅವಕ್ಕೆ 1987ರಲ್ಲಿ ಪ್ರೊಬುಕಾಲ್ ಎಂಬ ಆಕ್ಸಿಡೇಶನ್ ತಡೆಯುವ ಔಷಧ ಕೊಟ್ಟಾಗ ರಕ್ತನಾಳದ ಕಾಯಿಲೆ ನಿಧಾನವಾಯಿತು. ಎಲ್ಲರಿಗೂ ಉತ್ಸಾಹ ಬಂತು.

ಆಮೇಲೆ ಮನುಷ್ಯರಲ್ಲಿ ಪರೀಕ್ಷೆಗಳಾದವು. ಮೊದಲು ಒಂದೆರಡು ಚಿಕ್ಕ ಅಧ್ಯಯನಗಳಲ್ಲಿ ಆಸೆ ಹುಟ್ಟಿತ್ತು, ದೊಡ್ಡವು ಬಂದಾಗ ಗಾಳಿ ಹೋಯಿತು. ಇಟಲಿಯಲ್ಲಿ ಹಾರ್ಟ್ ಅಟ್ಯಾಕ್ ಆಗಿದ್ದ 11 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1999ರಲ್ಲಿ ಬಂತು, ವಿಟಮಿನ್ ಇ ಇಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2000ದಲ್ಲಿ ಹೋಪ್ ಎಂಬ ಪರೀಕ್ಷೆಯ ಫಲಿತಾಂಶ, ಸುಮಾರು ಒಂಬತ್ತೂವರೆ ಸಾವಿರ ಜನ, ದಿನಕ್ಕೆ 400 ಯೂನಿಟ್ ವಿಟಮಿನ್ ಇ, ಲಾಭ ಇಲ್ಲ. 2002ರಲ್ಲಿ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ, 20,536 ಜನ, ವಿಟಮಿನ್ ಇ, ಸಿ, ಬೀಟಾ ಕೆರೋಟಿನ್ ಮೂರನ್ನೂ ಸೇರಿಸಿ ಐದು ವರ್ಷ ಕೊಟ್ಟರು. ಲಾಭ ಇಲ್ಲ. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಏನೆಂದರೆ, ಅದೇ ಪರೀಕ್ಷೆಯಲ್ಲಿ ಅದೇ ಜನರಿಗೆ ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಕೂಡ ಪರೀಕ್ಷೆ ಮಾಡಿದ್ದರು. ಚೀಟಿ ಎತ್ತಿದ ಹಾಗೆ ಕೆಲವರಿಗೆ ವಿಟಮಿನ್, ಕೆಲವರಿಗೆ ಸ್ಟ್ಯಾಟಿನ್, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥವು ಸುಮಾರು ಕಾಲು ಭಾಗ ಕಡಿಮೆಯಾದವು. ವಿಟಮಿನ್‌ನಿಂದ ಏನೂ ಆಗಲಿಲ್ಲ. ನಿಮ್ಮ ಪ್ರಶ್ನೆಯನ್ನೇ ಯಾರೋ ಇಪ್ಪತ್ತು ಸಾವಿರ ಜನರ ಮುಂದೆ ಇಟ್ಟು ಉತ್ತರ ಪಡೆದ ಹಾಗಿದೆ.

ಮೊಲದಲ್ಲಿ ಆದದ್ದು ಮನುಷ್ಯನಲ್ಲಿ ಯಾಕೆ ಆಗಲಿಲ್ಲ? ಒಂದೇ ಕಾರಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಟಮಿನ್ ಇ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ ನಿಜ, ಆದರೆ ಕೆಡುವುದು ಗೋಡೆಯೊಳಗೆ. ಅಲ್ಲಿ ಕೆಡಿಸುವ ದಾರಿಗಳೂ ಹಲವು. ಮಯಲೋಪೆರಾಕ್ಸಿಡೇಸ್ ತಯಾರಿಸುವುದು ನಾವು ಬಟ್ಟೆಗೆ ಹಾಕುವ ಬ್ಲೀಚಿನ ಸಂಬಂಧಿ, ಅದರ ಮುಂದೆ ವಿಟಮಿನ್ ಇ ಆಟ ನಡೆಯುವುದಿಲ್ಲ. ಕೆಲವು ಸನ್ನಿವೇಶಗಳಲ್ಲಿ ವಿಟಮಿನ್ ಇ ತಾನೇ ಕೊಬ್ಬು ಕೆಡುವ ಸರಪಳಿಯನ್ನು ಮುಂದುವರಿಸುತ್ತದೆ ಅಂತಲೂ ಲ್ಯಾಬುಗಳಲ್ಲಿ ಕಂಡಿದೆ. ಆಕ್ಸಿಡೇಶನ್ ಇಲ್ಲದೆಯೂ ಗೋಡೆಯ ಕಿಣ್ವಗಳು ಎಲ್‌ಡಿಎಲ್ ಗುಂಡುಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆ ಮಾಡಬಲ್ಲವು, ಆ ಮುದ್ದೆಯನ್ನೂ ಮ್ಯಾಕ್ರೋಫೇಜ್‌ಗಳು ನುಂಗುತ್ತವೆ. ಇನ್ನೊಂದು ಮಾತು, ಪರೀಕ್ಷೆಗೆ ಬಂದವರೆಲ್ಲ ಹೆಚ್ಚಾಗಿ ದಶಕಗಳ ಕಾಯಿಲೆ ಹೊತ್ತವರು. ಶುರುವಿನ ಹೆಜ್ಜೆಯನ್ನು ಕೊನೆಗೆ ತಡೆಯಲು ಹೋದ ಹಾಗೆ.

ವಿಟಮಿನ್ ಒಂದೇ ಅಲ್ಲ. ಆಕ್ಸಿಡೇಶನ್ ತಡೆಯುವ ಸಕ್ಸಿನೋಬುಕಾಲ್ ಎಂಬ ಪ್ರಬಲ ಔಷಧ 2008ರಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ಆಕ್ಸಿಡೈಸ್ ಆದ ಕೊಬ್ಬನ್ನು ಕತ್ತರಿಸುವ ಒಂದು ಕಿಣ್ವವನ್ನು ತಡೆಯುವ ಡಾರಾಪ್ಲಾಡಿಬ್ 2014ರಲ್ಲಿ ಸೋತಿತು.

ಇದರ ಎದುರಿಗೆ ಎಲ್‌ಡಿಎಲ್ ಇಳಿಸಿದಾಗ ಏನಾಯಿತು ನೋಡಿ. ಹಲವು ಸ್ಟ್ಯಾಟಿನ್ ಪರೀಕ್ಷೆಗಳನ್ನು ಕೂಡಿಸಿ ಲೆಕ್ಕ ಹಾಕಿದರೆ, ಎಲ್‌ಡಿಎಲ್ ಡೆಸಿಲೀಟರಿಗೆ ಸುಮಾರು 39 ಮಿಲಿಗ್ರಾಂ ಇಳಿದರೆ ದೊಡ್ಡ ಹೃದಯ ಮತ್ತು ರಕ್ತನಾಳದ ಅನಾಹುತಗಳು ಐದರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತವೆ. 'ಅದು ಸ್ಟ್ಯಾಟಿನ್‌ನ ಬೇರೆ ಗುಣ ಇರಬಹುದು' ಅಂತ ವಾದ ಮಾಡುವವರಿದ್ದಾರೆ. ಸರಿ, ಔಷಧ ಬಿಡಿ. ಪಿಸಿಎಸ್‌ಕೆ9 ಎಂಬ ಜೀನ್‌ನ ಒಂದು ಪ್ರತಿ ಹುಟ್ಟಿನಿಂದಲೇ ಕೆಲಸ ಮಾಡದ ಜನರಿದ್ದಾರೆ. ಅಮೆರಿಕದಲ್ಲಿ ಅಂಥ ಕಪ್ಪು ಜನರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅವರ ಎಲ್‌ಡಿಎಲ್ ಬೇರೆಯವರಿಗಿಂತ ಶೇಕಡಾ 28 ಕಡಿಮೆ, ಹದಿನೈದು ವರ್ಷಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇಕಡಾ 88 ಕಡಿಮೆ. ಅದು ಮಾತ್ರೆ ನುಂಗಿ ಇಳಿಸಿದ್ದಲ್ಲ, ಆಕ್ಸಿಡೇಶನ್ ತಡೆಯುವ ವಿಶೇಷ ಶಕ್ತಿಯೂ ಅವರಿಗಿರಲಿಲ್ಲ. ಜೀವಮಾನವಿಡೀ ಗುಂಡುಗಳು ಕಡಿಮೆ ಇದ್ದವು, ಅಷ್ಟೇ.

ನನ್ನ ಲೆಕ್ಕ ಇಷ್ಟು. ಗೋಡೆಯೊಳಗೆ ಹೋಗಿ ಸಿಕ್ಕಿಬಿದ್ದದ್ದು ಕೆಡುತ್ತದೆ, ಕೆಡದಂತೆ ಕಾಯಲು ನಮಗಿನ್ನೂ ಬಂದಿಲ್ಲ. ಒಳಗೆ ಹೋಗುವುದನ್ನೇ ಕಡಿಮೆ ಮಾಡಲು ಚೆನ್ನಾಗಿ ಬರುತ್ತದೆ. ಆಕ್ಸಿಡೈಸ್ ಆಗಲು ಎಲ್‌ಡಿಎಲ್ಲೇ ಅಲ್ಲಿ ಇಲ್ಲದಿದ್ದರೆ ಆಕ್ಸಿಡೈಸ್ಡ್ ಎಲ್‌ಡಿಎಲ್ ಎಲ್ಲಿಂದ ಬರಬೇಕು?

ಇನ್ನು ಟೆಸ್ಟ್ ವಿಷಯ. ಆಕ್ಸಿಡೈಸ್ಡ್ ಎಲ್‌ಡಿಎಲ್ ಅಳೆಯುವ ಟೆಸ್ಟ್ ಇರುವುದು ಹೌದು. ಆದರೆ ಅದು ಅಳೆಯುವುದು ರಕ್ತದಲ್ಲಿರುವುದನ್ನು, ಗೋಡೆಯಲ್ಲಿರುವುದನ್ನಲ್ಲ. ಬೇರೆ ಬೇರೆ ಟೆಸ್ಟುಗಳು ಬೇರೆ ಬೇರೆ ಗುರುತು ಹಿಡಿಯುತ್ತವೆ, ಬಂದ ಅಂಕಿ ನೋಡಿ ಚಿಕಿತ್ಸೆ ಬದಲಿಸುವ ಒಪ್ಪಿತ ನಿಯಮವೂ ಇಲ್ಲ. ನಾನಾದರೆ ಮಾಡಿಸುವುದಿಲ್ಲ. ಅದರ ಬದಲು ಎರಡು ಟೆಸ್ಟ್ ಕೇಳಿ. ಒಂದು ಅಪೋಬಿ. ಒಂದು ಗುಂಡಿಗೆ ಒಂದೇ ಅಪೋಬಿ ಅಂದೆನಲ್ಲ, ಹಾಗಾಗಿ ಅದು ರಕ್ತನಾಳ ಕೆಡಿಸಬಲ್ಲ ಗುಂಡುಗಳ ತಲೆ ಎಣಿಕೆ. ಇನ್ನೊಂದು ಲಿಪೋಪ್ರೋಟೀನ್ ಎ, ಎಲ್ ಪಿ ಸಣ್ಣ ಎ ಅಂತ ಕರೆಯುವುದು, ಎಲ್‌ಡಿಎಲ್ ಥರದ್ದೇ ಇನ್ನೊಂದು ಕಣ. ಇದು ಬಹುತೇಕ ಜೀನ್‌ನಿಂದಲೇ ನಿರ್ಧಾರವಾಗುತ್ತದೆ, ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ರಕ್ತದಲ್ಲಿನ ಆಕ್ಸಿಡೈಸ್ ಆದ ಫಾಸ್ಫೋಲಿಪಿಡ್ ಎಂಬ ಕೊಬ್ಬುಗಳನ್ನು ಮುಖ್ಯವಾಗಿ ಹೊತ್ತು ತಿರುಗುವುದು ಇದೇ ಕಣ. ನಿಮಗೆ ಆಕ್ಸಿಡೇಶನ್ ಬಗ್ಗೆ ಅಷ್ಟು ಕಾಳಜಿ ಇದ್ದರೆ ನೋಡಬೇಕಾದ ಅಂಕಿ ಇದು.

ಊಟದಲ್ಲಿ ಬರುವ ಆಕ್ಸಿಡೈಸ್ಡ್ ಕೊಲೆಸ್ಟರಾಲ್ ಬಗ್ಗೆಯೂ ಕೇಳುವವರಿದ್ದಾರೆ, ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮೊಟ್ಟೆಯ ಪುಡಿ, ಹಾಲಿನ ಪುಡಿ, ಒಣಗಿಸಿದ ಮಾಂಸ, ಮತ್ತೆ ಮತ್ತೆ ಕಾಯಿಸಿದ ಪ್ರಾಣಿಜನ್ಯ ಕೊಬ್ಬು, ಇವುಗಳಲ್ಲಿ ಅದು ಇರುತ್ತದೆ. ಸ್ವಲ್ಪ ಭಾಗ ರಕ್ತಕ್ಕೂ ಸೇರುತ್ತದೆ. ಪ್ರಾಣಿಗಳಲ್ಲಿ ಕೆಡುಕು ಮಾಡಿದ್ದನ್ನು ನೋಡಿದ್ದಾರೆ. ಕಡಿಮೆ ತಿನ್ನುವುದರಿಂದ ನಷ್ಟ ಏನಿಲ್ಲ, ಆದರೆ ನಿಮ್ಮ ಎಲ್‌ಡಿಎಲ್ 162ರ ಮುಂದೆ ಇದು ಚಿಕ್ಕ ಮಾತು. ಹಣ್ಣು, ತರಕಾರಿ, ಕಾಳು ಜಾಸ್ತಿ ತಿನ್ನಿ. ಅವುಗಳಿಂದ ಲಾಭ ಕಾಣುತ್ತದೆ, ಮಾತ್ರೆಯಲ್ಲಿ ಹಿಂಡಿ ಕೊಟ್ಟ ವಿಟಮಿನ್‌ನಿಂದ ಕಾಣುವುದಿಲ್ಲ, ಎರಡೂ ಒಂದೇ ಅಂತ ತಿಳಿಯಬೇಡಿ.

ಸಿಗರೇಟು ಸೇದುತ್ತೀರಾ ಅಂತ ಬರೆದಿಲ್ಲ. ಸೇದುತ್ತಿದ್ದರೆ ಆಕ್ಸಿಡೇಶನ್‌ಗೆ ಅದಕ್ಕಿಂತ ದೊಡ್ಡ ಸಹಾಯ ನೀವು ಮಾಡಲಾರಿರಿ. ಬಿಪಿಯೂ ಹಿಡಿತದಲ್ಲಿರಲಿ, ಒತ್ತಡ ಜಾಸ್ತಿಯಾದಷ್ಟೂ ಗೋಡೆಯೊಳಗೆ ತಳ್ಳುವಿಕೆ ಜಾಸ್ತಿ.

52 ವಯಸ್ಸು, ಬಿಪಿ, ಎಲ್‌ಡಿಎಲ್ 162. ನಿಮ್ಮ ಡಾಕ್ಟರ್ ಸ್ಟ್ಯಾಟಿನ್ ಮಾತೆತ್ತಿದ್ದು ಸರಿಯಾಗಿಯೇ ಇದೆ. ಮೈಕೈ ನೋವಿನ ಭಯ ಇದ್ದರೆ ಮೊದಲೇ ಹೇಳಿ, ಡೋಸ್ ಕಡಿಮೆ ಮಾಡಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು, ಎಲ್‌ಡಿಎಲ್ ಇಳಿಸುವ ಎಜೆಟಿಮೈಬ್ ಎಂಬ ಬೇರೆ ಮಾತ್ರೆ ಸೇರಿಸಬಹುದು, ದಾರಿಗಳಿವೆ. ಶುರು ಮಾಡಿ ಆರರಿಂದ ಎಂಟು ವಾರಕ್ಕೆ ಮತ್ತೆ ಲಿಪಿಡ್ ಪ್ರೊಫೈಲ್ ಮಾಡಿಸಿ, ಎಷ್ಟು ಇಳಿಯಿತು ಅಂತ ನೋಡಿ ಮಾತಾಡಿ.

ವಿಟಮಿನ್ ಇ ಡಬ್ಬಿ ಈಗಾಗಲೇ ತಂದಿಟ್ಟಿದ್ದೀರೇನೋ ಅಂತ ಅನುಮಾನ. ಅದು ಕೆಲಸ ಮಾಡಲ್ಲ, ತೊಂದರೆಯೂ ಇಲ್ಲ ಅಂದುಕೊಂಡು ಮುಂದುವರಿಸಬೇಡಿ. 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ ದಿನಕ್ಕೆ 400 ಯೂನಿಟ್ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಜಾಸ್ತಿ ಕಂಡಿತು, 2011ರಲ್ಲಿ ಅದು ವರದಿಯಾಯಿತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಬೇರೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ.